ಆ ಅಜ್ಜ ಹೇಳಿದ್ದನ್ನ ಪೂರ್ತಿ ಕೇಳಿದ್ರಾ?

ಈ ವಾರ ಪೂರ್ತಿ ನಮ್ಮ ಕಾರವಾರದ ವಾಟ್ಸಪ್ ಗ್ರೂಪುಗಳಲ್ಲಿ ಒಂದೇ ರೀಲ್ ತಿರುಗ್ತಾ ಇದೆ. ಬೆಳ್ಳಿಕೂದಲಿನ ಒಬ್ಬ ಬ್ರಿಟಿಷ್ ನಟ, ಅಕ್ಕಪಕ್ಕ ಬೇರೆ ನಟರು, "ಬೈಬಲ್ಲಿನ ಶುರುವಲ್ಲೇ ಇದು ಕಟ್ಟುಕತೆ ಅಂತ ಒಂದು ಡಿಸ್ಕ್ಲೇಮರ್ ಹಾಕ್ಬೇಕು ಅಂತ ನಂಗೆ ಎಷ್ಟೋ ಸಲ ಅನ್ಸಿದೆ" ಅಂತಾನೆ, ಎಲ್ರೂ ನಗ್ತಾರೆ, ಅಲ್ಲಿಗೆ ಕಟ್. ಮೇಲೆ ದಪ್ಪಕ್ಷರದಲ್ಲಿ "ಹಾಲಿವುಡ್ ನಟನೇ ಒಪ್ಪಿಕೊಂಡ ಸತ್ಯ" ಅಂತ ಕನ್ನಡದಲ್ಲಿ ಬರ್ದಿದಾರೆ, ಕೆಳಗೆ ಸಾಲಾಗಿ ಬೆಂಕಿ ಇಮೋಜಿ. ಒಂದು ಗ್ರೂಪಲ್ಲಿ ಇದಕ್ಕೆ ಜಗಳ ಆಗಿ ಇಬ್ರು ಎಕ್ಸಿಟ್ ಆದ್ರು. ಅದು ಎಂತ ಗ್ರೂಪು ಗೊತ್ತಾ, ವಾರ್ಡಿನ ನೀರು ಯಾವ ದಿನ ಬಿಡ್ತಾರೆ ಅಂತ ತಿಳ್ಸೋಕೆ ಮಾಡಿದ್ದು.

ಕಳಿಸ್ತಾ ಇರೋರಲ್ಲಿ ಮುಕ್ಕಾಲು ಪಾಲು ಜನ ಬೈಬಲ್ ಓದಿದವರಲ್ಲ, ಆ ಸಿನಿಮಾನೂ ನೋಡಿದವರಲ್ಲ. ಬೈತಾ ಇರೋರೂ ಅಷ್ಟೇ. ಅದಕ್ಕೆ ಇದನ್ನ ಬರೀತಾ ಇದೀನಿ, ಸ್ವಲ್ಪ ಉದ್ದ ಆಗ್ತದೆ, ಪುರಸೊತ್ತಿದ್ದವರು ಓದಿ.

ವಿಷಯ ಗೊತ್ತಿಲ್ಲದವರಿಗೆ ಮೊದಲು ಹೇಳ್ಬಿಡ್ತೀನಿ. ಆ ನಟ ಇಯಾನ್ ಮೆಕೆಲನ್, ಲಾರ್ಡ್ ಆಫ್ ದಿ ರಿಂಗ್ಸ್ ನೋಡಿದವರಿಗೆ ಉದ್ದ ಗಡ್ಡದ ಗ್ಯಾಂಡಾಲ್ಫ್. ವಿಡಿಯೋ ನಿನ್ನೆ ಮೊನ್ನೆದಲ್ಲ, 2006ರ ಮೇ 17ರದ್ದು. ಫ್ರಾನ್ಸಿನ ಕಾನ್ ಚಿತ್ರೋತ್ಸವ ಅವತ್ತು ದ ವಿಂಚಿ ಕೋಡ್ ಸಿನಿಮಾದಿಂದ ಶುರು ಆಯ್ತು, ಅದೇ ಟೈಮಲ್ಲಿ ಅಮೆರಿಕದ ಟುಡೇ ಶೋದಲ್ಲಿ ಆಂಕರ್ ಮ್ಯಾಟ್ ಲಾವರ್ ನಟರನ್ನೆಲ್ಲ ಕೂರ್ಸಿಕೊಂಡು ಮಾತಾಡ್ಸಿದ್ದು ಇದು. ಯೇಸುಗೂ ಅವನ ಶಿಷ್ಯೆ ಮಗ್ದಲದ ಮರಿಯಾಗೂ ಮದುವೆ ಆಗಿತ್ತು, ವಂಶ ಇನ್ನೂ ಇದೆ, ಚರ್ಚು ಅದನ್ನ ಮುಚ್ಚಿಟ್ಟಿದೆ ಅನ್ನೋ ಥ್ರಿಲ್ಲರ್ ಕತೆ ಆ ಸಿನಿಮಾದ್ದು. ಓಪಸ್ ಡೇಯಿ ಅನ್ನೋ ಕ್ಯಾಥೊಲಿಕ್ ಸಂಸ್ಥೆ ನಿಜವಾಗ್ಲೂ ಇದೆ, ಕತೆಯಲ್ಲಿ ಅದರ ಒಬ್ಬ ಸನ್ಯಾಸಿ ಕೊಲೆ ಮಾಡ್ತಾ ತಿರುಗ್ತಾನೆ (ನಿಜದ ಓಪಸ್ ಡೇಯಿಯಲ್ಲಿ ಸನ್ಯಾಸಿಗಳೇ ಇಲ್ಲ, ಅದು ಬೇರೆ ಮಾತು). ಓಪಸ್ ಡೇಯಿಯವರು ಸಿನಿಮಾ ತೆಗೆದ ಸೋನಿ ಕಂಪನಿಗೆ ಇದು ಕಾಲ್ಪನಿಕ ಅಂತ ಶುರುವಲ್ಲಿ ಹಾಕಿ ಅಂತ ಕೇಳಿದ್ರು, ನಿರ್ದೇಶಕ ರಾನ್ ಹೊವಾರ್ಡ್ ಒಪ್ಪಲಿಲ್ಲ. ಆ ಡಿಸ್ಕ್ಲೇಮರ್ ಬಗ್ಗೆ ಕೇಳಿದ ಪ್ರಶ್ನೆಗೆ ಈ ಅಜ್ಜ ಕೊಟ್ಟ ಉತ್ತರವೇ ಈಗ ತಿರುಗ್ತಾ ಇರೋದು.

ಆದ್ರೆ ಉತ್ತರ ಅಲ್ಲಿಗೆ ಮುಗಿಯೋದಿಲ್ಲ ಮಾರಾಯ್ರೆ. ಮುಂದೆ ಅವ್ನು ಹೇಳ್ತಾನೆ, ನೀರ ಮೇಲೆ ನಡೆಯೋದು ಅಂದ್ರೆ ನಂಬಿಕೆ ಬೇಕು, ನಂಗೆ ಈ ಸಿನಿಮಾ ಮೇಲೆ ನಂಬಿಕೆ ಇದೆ, ಇದು ನಿಜ ಅಂತಲ್ಲ, ನಡೆದದ್ದು ಅಂತಲ್ಲ, ಒಳ್ಳೆ ಮಜವಾದ ಕತೆ ಅಂತ. ಆಮೇಲೆ, ಯಾವುದು ನಿಜ ಯಾವುದು ಕತೆ ಅಂತ ಬೇರೆ ಮಾಡಿಕೊಳ್ಳೋಷ್ಟು ಬುದ್ಧಿ ಪ್ರೇಕ್ಷಕರಿಗೆ ಇದೆ, ನೋಡಿದ ಮೇಲೆ ಕೂತು ಚರ್ಚೆ ಮಾಡ್ಲಿ ಅಂತಾನೆ. ಅಂದ್ರೆ ತನ್ನ ಸಿನಿಮಾನೇ ಸತ್ಯ ಅಲ್ಲ ಅಂತ ಅದೇ ಉಸಿರಲ್ಲಿ ಒಪ್ಕೊಂಡಿದಾನೆ. "ಒಪ್ಪಿಕೊಂಡ ಸತ್ಯ" ಅಂತ ರೀಲ್ ಮಾಡಿದವ್ನಿಗೆ ಆ ಭಾಗ ಮಾತ್ರ ಬೇಡ ಆಯ್ತು.

ನನ್ನ ಅಭಿಪ್ರಾಯ ಕೇಳಿದ್ರೆ, ಆ ಮೊದಲ ವಾಕ್ಯ ನಂಗೆ ಹಿಡಿಸಲಿಲ್ಲ. ಪ್ರಶ್ನೆ ಇದ್ದದ್ದು ಸಿನಿಮಾ ಬಗ್ಗೆ. ಅದಕ್ಕೆ ಕೋಟಿಗಟ್ಟಲೆ ಜನ ದಿನಾ ಕೈಯಲ್ಲಿ ಹಿಡ್ದು ಓದೋ ಗ್ರಂಥನ ಎಳ್ದು ತಂದು ಒಂದು ಚಟಾಕಿ ಹಾರ್ಸಿ ನಗ್ಸಿಬಿಟ್ಟ. ಅದೇ ಸಿನಿಮಾದ ಹೀರೋ ಟಾಮ್ ಹ್ಯಾಂಕ್ಸ್ ಕೂಡ ಸಿನಿಮಾ ನಿಜ ಅಲ್ಲ ಅಂತಲೇ ಹೇಳಿದ್ದು, ಕತೆ ತುಂಬಾ ಬೊಗಳೆ ಇದೆ, ಇಷ್ಟು ದೊಡ್ಡ ಬಜೆಟ್ಟಿನ ಸಿನಿಮಾನ ಇದ್ದ ಹಾಗೇ ನಂಬಿದ್ರೆ ತಪ್ಪು ನಿಮ್ದೇ ಅಂತ. ಹ್ಯಾಂಕ್ಸ್ ತಮಾಷೆ ಮಾಡಿದ್ದು ತನ್ನದೇ ಸಿನಿಮಾನ. ಅದನ್ನ ರೀಲ್ ಮಾಡೋಕೆ ಯಾರಿಗೂ ಆಸಕ್ತಿ ಇಲ್ಲ.

ಇನ್ನೊಂದು, ಮೆಕೆಲನ್ ಸಲಿಂಗಿ ಅನ್ನೋದನ್ನೇ ಹಿಡ್ಕೊಂಡು ನಮ್ಮ ಗ್ರೂಪಲ್ಲಿ ಒಬ್ರು ಎಷ್ಟು ಕೊಳಕಾಗಿ ಬರ್ದಿದಾರೆ ಅಂದ್ರೆ ಓದೋಕೆ ಆಗಲ್ಲ. ಅವ್ನು ಅದನ್ನ ಮುಚ್ಚಿಟ್ಟವನಲ್ಲ, 1988ರಲ್ಲಿ ಸಲಿಂಗಿಗಳ ವಿರುದ್ಧ ಬ್ರಿಟನ್ನಿನಲ್ಲಿ ಕಾನೂನು ಬರ್ತಾ ಇದ್ದಾಗ ಬಿಬಿಸಿ ರೇಡಿಯೋದಲ್ಲಿ ಕೂತು ಬಹಿರಂಗವಾಗಿ ಹೇಳ್ಕೊಂಡವ. ಬೈಬಲ್ಲಿನ ಲೇವಿಯರ ಪುಸ್ತಕದಲ್ಲಿ ತನ್ನಂಥವರನ್ನ ಖಂಡಿಸೋ ಪುಟನ ಹೋಟೆಲ್ ರೂಮಿನ ಬೈಬಲ್ಲಿಂದ ಹರಿದು ಹಾಕ್ತೀನಿ ಅಂತ ಬೇರೆ ಕಡೆ ತಾನೇ ಹೇಳಿದಾನೆ. ಪುಸ್ತಕ ಹರಿಯೋದನ್ನ ನಾನು ಒಪ್ಪಲ್ಲ, ಅದು ಹೋಟೆಲ್ಲಿನವರ ಪುಸ್ತಕ. ಆದ್ರೆ ಅವ್ನಿಗೂ ಆ ಗ್ರಂಥಕ್ಕೂ ಒಂದು ಹಳೇ ನೋವಿನ ಲೆಕ್ಕ ಇದೆ ಅನ್ನೋದು ಗೊತ್ತಿದ್ರೆ ಆ ಚಟಾಕಿ ಬೇರೆ ಥರ ಕೇಳ್ಸ್ತದೆ.

ಹಾಗಂತ ಡಿಸ್ಕ್ಲೇಮರ್ ಕೇಳಿದವರು ಮೂರ್ಖರು ಅಂತ ನಾನು ಹೇಳಲ್ಲ. ಸಿನಿಮಾ ಯಾವ ಕಾದಂಬರಿಯಿಂದ ಬಂತೋ ಅದರ ಶುರುವಲ್ಲೇ ಒಂದು ಪುಟ ಇದೆ, ಇದರಲ್ಲಿ ಬರೋ ಕಲಾಕೃತಿ, ಕಟ್ಟಡ, ದಾಖಲೆ, ಗುಪ್ತ ಆಚರಣೆಗಳ ವರ್ಣನೆ ಎಲ್ಲಾ ನಿಖರ ಅಂತ. ಅದರಲ್ಲಿ 1099ರಲ್ಲಿ ಶುರುವಾದದ್ದು ಅಂತ ಹೇಳೋ ಪ್ರಯರಿ ಆಫ್ ಸಿಯೋನ್ ಅನ್ನೋ ಗುಪ್ತ ಸಂಘ ಇದ್ಯಲ್ಲ, ಅದನ್ನ 1956ರಲ್ಲಿ ಫ್ರಾನ್ಸಿನಲ್ಲಿ ಪಿಯರ್ ಪ್ಲಾಂಟಾರ್ ಅನ್ನೋ ಒಬ್ಬ ಹುಟ್ಟುಹಾಕಿದ್ದು, ಹಳೇ ದಾಖಲೆಗಳೂ ನಕಲಿ. ನಿಖರ ಅಂತ ಮೊದಲು ತಾವೇ ಬೋರ್ಡ್ ಹಾಕ್ಕೊಂಡು, ಆಮೇಲೆ ಕಾಲ್ಪನಿಕ ಅಂತ ಬೋರ್ಡ್ ಹಾಕಿ ಅಂದ್ರೆ ಆಗಲ್ಲ ಅಂದ್ರೆ ಹೇಗೆ.

ಇನ್ನೂ ಒಂದು ಗುಂಪು ಆಗ ಬೇಜಾರು ಹೇಳ್ಕೊಂಡಿತ್ತು, ಅದು ಯಾರ ಕಿವಿಗೂ ಬೀಳಲಿಲ್ಲ. ಹುಟ್ಟುವಾಗ್ಲೇ ಚರ್ಮ, ಕೂದಲು ಬೆಳ್ಳಗಿರೋ ಆಲ್ಬಿನೋ ಜನ. ಆ ಕೊಲೆಗಡುಕ ಸನ್ಯಾಸಿಯನ್ನ ಆಲ್ಬಿನೋ ಮಾಡಿದ್ದಕ್ಕೆ ಅಮೆರಿಕದ ಅವರ ಸಂಘದವರು, ಯಾವಾಗ್ಲೂ ನಮ್ಮನ್ನೇ ಯಾಕೆ ವಿಲನ್ ಮಾಡ್ತೀರಿ ಅಂತ ಕೇಳಿದ್ರು. ದೇವರ ವಿಷಯಕ್ಕೆ ಊರೆಲ್ಲ ಎದ್ದು ನಿಲ್ತದೆ, ಇವರಿಗೆ ಯಾರೂ ಇಲ್ಲ. ನಂಗೇನೋ ಈ ಇಡೀ ಗಲಾಟೆಯಲ್ಲಿ ನ್ಯಾಯವಾದ ದೂರು ಇದೊಂದೇ ಅನ್ಸ್ತದೆ.

ನಮ್ಮ ದೇಶದಲ್ಲಿ ಆಗ ಆದದ್ದು ನೋಡಿ. ಅಮೆರಿಕದಲ್ಲಿ ಬೇಡ ಅಂದ ಡಿಸ್ಕ್ಲೇಮರ್ ನಮ್ಮ ಸೆನ್ಸಾರ್ ಬೋರ್ಡು ಹಾಕ್ಸೇಬಿಡ್ತು. ಕೇಂದ್ರ ಮಂತ್ರಿ ಪ್ರಿಯರಂಜನ್ ದಾಸ್‌ಮುನ್ಶಿ ಚರ್ಚಿನವರ ಜೊತೆ ಕೂತು ಸಿನಿಮಾ ನೋಡಿದ್ರು, ಎ ಸರ್ಟಿಫಿಕೇಟ್ ಸಿಕ್ತು, ಬೇರೆ ಕಡೆ ಮೇ 19ಕ್ಕೆ ಬಂದದ್ದು ಇಲ್ಲಿ 26ಕ್ಕೆ ಬಂತು. ಡಿಸ್ಕ್ಲೇಮರ್ ಬಂತಲ್ಲ, ಜಗಳ ಮುಗೀಬೇಕಿತ್ತು. ಎಲ್ಲಿ ಮುಗೀತು? ಗೋವಾ, ನಾಗಾಲ್ಯಾಂಡ್, ಪಂಜಾಬ್, ತಮಿಳುನಾಡು, ಆಂಧ್ರ ಎಲ್ಲಾ ಕಡೆ ನಿಷೇಧ. ಆಂಧ್ರದ ಹೈಕೋರ್ಟು, ಆಮೇಲೆ ಮದ್ರಾಸ್ ಹೈಕೋರ್ಟು, ಸೆನ್ಸಾರ್ ಪಾಸಾದ ಸಿನಿಮಾನ ಯಾರೋ ಅರ್ಜಿ ಕೊಟ್ರು ಅಂತ ನಿಲ್ಸೋಕೆ ಬರಲ್ಲ ಅಂತ ಅದೇ ವರ್ಷ ನಿಷೇಧ ತೆಗೆದ್ವು.

ಗೋವಾ ಅಂದ್ರೆ ನಮಗೆ ಎಷ್ಟು ದೂರ, ಮಾಜಾಳಿ ಗಡಿ ದಾಟಿದ್ರೆ ಆಯ್ತು. ಒಳ್ಳೆ ಥಿಯೇಟರಲ್ಲಿ ಸಿನಿಮಾ ನೋಡ್ಬೇಕಂದ್ರೆ ಮಡಗಾಂವಿಗೆ ಹೋಗೋ ಜನ ನಾವು, ಆಗ ಉಲ್ಟಾ ಆಯ್ತು, ಅಲ್ಲಿಯವರಿಗೆ ಬೇಕಾದ ಸಿಡಿ ನಮ್ಮ ಬಾಜಾರಲ್ಲಿ. ಯಾರೂ ಕೇಳದಿದ್ದ ಇಂಗ್ಲಿಷ್ ಸಿನಿಮಾದ ಕಳ್ಳ ಸಿಡಿನ ಇಂಗ್ಲಿಷ್ ಬಾರದವರೂ ತಗೊಂಡು ಹೋಗಿದ್ರು. ನಿಷೇಧ ಅಂದ್ರೆ ಇದೇ, ಪುಕ್ಕಟೆ ಪ್ರಚಾರ. ಕಾನ್‌ನಲ್ಲಿ ಪತ್ರಕರ್ತರು ಗಂಭೀರ ಸೀನಿಗೇ ನಕ್ಕಿದ್ರಂತೆ, ವಿಮರ್ಶಕರು ಉಗಿದು ಉಪ್ಪಿನಕಾಯಿ ಹಾಕಿದ್ರು, ಆದ್ರೂ ಸಿನಿಮಾ ಪ್ರಪಂಚದಾದ್ಯಂತ 75 ಕೋಟಿ ಡಾಲರ್ ಮೇಲೆ ಬಾಚ್ತು.

ನಮ್ಮ ಪಕ್ಕದ ಮನೆ ಕ್ರಿಶ್ಚಿಯನ್ ಆಂಟಿಗೆ ಈ ರೀಲ್ ತೋರ್ಸಿದೆ, ಅವರಿಗೆ ಬೇಜಾರಾಗಿರ್ಬಹುದು ಅಂತ. ಅವರು ಕನ್ನಡಕ ಹಾಕ್ಕೊಂಡು ನೋಡಿ, "ಇದು ಆಗಿನ ಗಲಾಟೆ ಅಲ್ವಾ ಪುತಾ, ಪಾದ್ರಿ ನೋಡ್ಬೇಡಿ ಅಂದಿದ್ರು, ನಮ್ಮನೆಯವ್ರು ಸಿಡಿ ತಂದ್ರು, ಅರ್ಧಕ್ಕೇ ನಿದ್ದೆ ಹೋದ್ರು" ಅಂದ್ರು. ಅಲ್ಲ ಆಂಟಿ, ಅವ್ನು ಹೀಗೆ ಹೇಳ್ತಾನಲ್ಲ ಅಂದೆ. "ನಾನು ನಂಬ್ತೇನೆ, ಅವ್ನು ನಂಬುದಿಲ್ಲ, ಅದಕ್ಕೇನೀಗ? ನೀ ಚಾ ಕುಡೀತೀಯಾ?" ಅಷ್ಟೇ ಪ್ರತಿಕ್ರಿಯೆ. ಯಾರ ದೇವರ ಬಗ್ಗೆ ಮಾತು ಬಂತೋ ಅವರಿಗೆ ಇಲ್ಲದ ತಲೆಬಿಸಿ ಗ್ರೂಪ್ ಅಡ್ಮಿನ್‌ಗೆ.

ಈಗ ಹಿಂದೂಗಳಾದ ನಮ್ಮ ಕಡೆಯವರಿಗೇ ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ರೀಲಿಗೆ ಬೆಂಕಿ ಇಮೋಜಿ ಹಾಕಿದ ಕೆಲವರ ಟೈಮ್‌ಲೈನಲ್ಲಿ ಸ್ವಲ್ಪ ಹಿಂದೆ ಹೋಗಿ ನೋಡ್ದೆ. 2025ರ ನವೆಂಬರ್ ಕೊನೆಗೆ ಪಣಜಿ ಚಿತ್ರೋತ್ಸವದ ಸ್ಟೇಜಲ್ಲಿ ರಣವೀರ್ ಸಿಂಗ್ ಕಾಂತಾರದ ದೈವದ ಸೀನನ್ನ ಮಿಮಿಕ್ರಿ ಮಾಡಿ ಚಾವುಂಡಿಯನ್ನ ಹೆಣ್ಣು ದೆವ್ವ ಅಂದ್ನಲ್ಲ, ಆಗ ಇವರದೇ ಪೋಸ್ಟು, ಅರೆಸ್ಟ್ ಮಾಡಿ, ಕ್ಷಮೆ ಕೇಳ್ಸಿ ಅಂತ. ಅವ್ನು ಕ್ಷಮೆ ಕೇಳ್ದ, ಕೇಳ್ಬೇಕಿತ್ತು ಕೂಡ, ಅದು ಗೊತ್ತುಗುರಿ ಇಲ್ಲದ ಮಂಗಾಟ. ಆದ್ರೆ ಅದು ನೋವು ಅಂತಾದ್ರೆ ಇದು ಮಜಾ ಹೇಗಾಗ್ತದೆ? ಡಿಸೆಂಬರ್ 3ಕ್ಕೆ ಚಂದಾವರದ ಚರ್ಚಿನ ಫೆಸ್ತಿಗೆ (ಹಬ್ಬಕ್ಕೆ) ಹೋಗಿ ಮೇಣದಬತ್ತಿ ಹಚ್ಚಿ ಹರಕೆ ತೀರ್ಸಿ ಬರೋ ಹಿಂದೂಗಳು ನಮ್ಮಲ್ಲಿ ಎಷ್ಟು ಜನ ಇದಾರೆ, ಅವರೂ ಇದೇ ಗ್ರೂಪಲ್ಲೇ ಇದಾರೆ.

ವಿಚಾರವಾದಿಗಳಿಗೂ ಒಂದು ಮಾತು. 2022ರಲ್ಲಿ ಭೂತಕೋಲ ಹಿಂದೂ ಸಂಸ್ಕೃತಿಯ ಭಾಗ ಅಂತ ರಿಷಬ್ ಶೆಟ್ಟಿ ಹೇಳಿದ್ರು, ಅಲ್ಲ, ಅದು ಅದಕ್ಕಿಂತ ಹಳೇ ಮೂಲನಿವಾಸಿಗಳದ್ದು ಅಂತ ನಟ ಚೇತನ್ ಹೇಳಿದ್ರು, ಬೆಂಗಳೂರಲ್ಲಿ ಚೇತನ್ ಮೇಲೆ ಎಫ್‌ಐಆರ್ ಆಯ್ತು. ಒಂದು ಅಭಿಪ್ರಾಯಕ್ಕೆ ಪೊಲೀಸ್ ಕೇಸು ಹಾಕಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಪಕ್ಷ ಈ ಪಕ್ಷ ಎರಡೂ ಕಡೆ ಕೂಗಾಡಿದವರಲ್ಲಿ ಕೋಲ ಕಟ್ಟೋ ಪಂಬದ, ಪರವ, ನಲಿಕೆಯವರನ್ನ ಕೂರ್ಸಿ ನೀವೇನಂತೀರಿ ಅಂತ ಕೇಳಿದವರು ಎಷ್ಟು ಜನ? ನಮ್ಮ ಕಡೆ ಊರ ದೈವ ಅಂದ್ರೆ ಜಟಕ, ಮಾಸ್ತಿ, ಹುಲಿದೇವ್ರು, ಅವಕ್ಕೆ ಪೂಜೆ ಮಾಡೋನು ಗುನಗ. ಸದ್ಯ ನಮ್ಮ ಜಟಕ ಇನ್ನೂ ಯಾವ ದೊಡ್ಡ ಪ್ರೊಡ್ಯೂಸರ್ ಕಣ್ಣಿಗೂ ಬಿದ್ದಿಲ್ಲ, ಬಿದ್ದ ದಿನ ಗುನಗನನ್ನ ಬಿಟ್ಟು ಉಳಿದವರೆಲ್ಲ ಟಿವಿಯಲ್ಲಿ ಕೂತಿರ್ತಾರೆ.

ಪ್ರೇಕ್ಷಕರಿಗೆ ಬುದ್ಧಿ ಇದೆ ಅಂದ್ನಲ್ಲ ಆ ಅಜ್ಜ, ಆ ಮಾತು ನಮ್ಮ ಕರಾವಳಿಯಲ್ಲಿ ಯಾರೂ ಹೇಳ್ಕೊಡ್ಬೇಕಾಗಿಲ್ಲ. ಯಕ್ಷಗಾನದ ಕೆರೆಮನೆ, ಚಿಟ್ಟಾಣಿಯವರ ಜಿಲ್ಲೆ ಇದು. ಮಳೆಗಾಲದಲ್ಲಿ ತಾಳಮದ್ದಳೆಗೆ (ವೇಷ, ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸೋ ಯಕ್ಷಗಾನ) ಕೂರಿ, ವಾಲಿವಧೆ ಇದ್ರಂತೂ ಕೇಳೋದೇ ಬೇಡ. ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನ ವಾಲಿ ಅರ್ಥಧಾರಿ, ಅಂದ್ರೆ ವಾಲಿ ಪಾತ್ರದ ಮಾತು ಹೇಳೋ ಕಲಾವಿದ, ಹಿಡ್ಕೊಂಡು ಕೇಳ್ತಾನೆ, ನಿಂಗೂ ನಂಗೂ ಎಂತ ಜಗಳ ಇತ್ತು, ಎದುರು ಬಂದು ಹೊಡೆಯೋ ಧೈರ್ಯ ಇರಲಿಲ್ವಾ, ಇದೇನಾ ನಿನ್ನ ಕ್ಷತ್ರಿಯ ಧರ್ಮ ಅಂತ. ರಾಮ ಹೇಳೋ ಅರ್ಥಧಾರಿ ಸ್ವಲ್ಪ ಕಡಿಮೆ ತಯಾರಿ ಮಾಡಿ ಬಂದಿದ್ರೆ ಬೆವರು ಇಳೀತದೆ. ಎದುರಿಗೆ ಕೂತವರು ಯಾರು, ದಿನಾ ಬೆಳಿಗ್ಗೆ ರಾಮನಾಮ ಹೇಳೋ ಜನ, ಎಷ್ಟೋ ಸಲ ದೇವಸ್ಥಾನದ ಅಂಗಳದಲ್ಲೇ ಕಾರ್ಯಕ್ರಮ. ವಾಲಿ ಗೆದ್ದ ಅಂತ ಅನ್ಸಿದ್ರೆ ಚಪ್ಪಾಳೆ ತಟ್ತಾರೆ, ಮುಗಿದ ಮೇಲೆ ಪ್ರಸಾದ ತಗೊಂಡು ಮನೆಗೆ ಹೋಗ್ತಾರೆ, ಮಾರನೇ ದಿನ ಹೋಟೆಲಲ್ಲಿ ಅವಲಕ್ಕಿ ತಿಂತಾ ಇವತ್ತು ರಾಮ ಸೋತ ಮಾರಾಯ ಅಂತಾರೆ. ಒಬ್ಬಂದೂ ಭಕ್ತಿ ಕಡಿಮೆ ಆಗಿಲ್ಲ. ವಾಲಿ ಹೇಳಿದ್ದು ಕಾಲ್ಪನಿಕ ಅಂತ ಹಾಡು ಹೇಳೋ ಭಾಗವತರು ಪದದ ಮೊದಲು ಡಿಸ್ಕ್ಲೇಮರ್ ಓದಿದ್ದು ನಾನಂತೂ ಕೇಳಿಲ್ಲ.

ಯಾಕೆ ಅಲ್ಲಿ ಜಗಳ ಆಗಲ್ಲ ಅಂದ್ರೆ ವಾಲಿಯ ಪ್ರಶ್ನೆ ಕೇಳಿದವ ರಾಮನ ಉತ್ತರನೂ ಕೇಳೇ ಏಳ್ತಾನೆ. ಅರ್ಧಕ್ಕೆ ಎದ್ದು ಹೋಗಿ ಊರಲ್ಲೆಲ್ಲ ರಾಮನ್ನ ಬೈದ್ರು ಅಂತ ಹೇಳೋನು ಇಲ್ಲ. ಮೊಬೈಲಲ್ಲಿ ಅದೇ ಆಗೋದು, ವಾಲಿಯ ಒಂದು ವಾಕ್ಯ ಕತ್ತರಿಸಿ ಕಳ್ಸೋದು. ನಾಳೆ ಯಾರಾದ್ರೂ ತಾಳಮದ್ದಳೆಯದ್ದೇ ಹಾಗೆ ಕತ್ತರಿಸಿ "ಹಿಂದೂ ಕಲಾವಿದನೇ ಒಪ್ಪಿಕೊಂಡ ಸತ್ಯ" ಅಂತ ಹಾಕಿದ್ರೆ ನಮ್ಮ ಅರ್ಥಧಾರಿಯ ಮನೆ ಮುಂದೆ ಎಷ್ಟು ಬೈಕ್ ನಿಲ್ತವೆ ಯೋಚ್ನೆ ಮಾಡಿ.

ಕಮೆಂಟಲ್ಲಿ ನನ್ನನ್ನ ಮಿಷನರಿ ಏಜೆಂಟ್ ಅನ್ನೋರಿಗೂ, ಸಂಘಿ ಅನ್ನೋರಿಗೂ ಈಗಲೇ ನಮಸ್ಕಾರ. ಬೈಯೋ ಮೊದಲು ಆ ಸಂದರ್ಶನದ ಉತ್ತರ ಪೂರ್ತಿ ನೋಡಿ, ಹುಡುಕಿದ್ರೆ ಸಿಗ್ತದೆ, ಒಂದು ನಿಮಿಷನೂ ಇಲ್ಲ. ಇನ್ಬಾಕ್ಸಲ್ಲಿ ಸಿನಿಮಾ ನೋಡಬಹುದಾ ಅಂತ ಕೇಳಿದವರಿಗೆ: ಎರಡೂವರೆ ಗಂಟೆ ಹತ್ರ ಇದೆ, ಓಡಾಟ ಕಡಿಮೆ ಲೆಕ್ಚರ್ ಜಾಸ್ತಿ, ಟಾಮ್ ಹ್ಯಾಂಕ್ಸ್ ಹೇರ್‌ಸ್ಟೈಲ್ ಸಹಿಸ್ಕೋಬೇಕು, ಆ ಅಜ್ಜ ಬಂದಾಗ ಮಾತ್ರ ಸ್ವಲ್ಪ ಜೀವ ಬರ್ತದೆ. ಆಂಟಿ ಯಜಮಾನ್ರು ನಿದ್ದೆ ಹೋದದ್ರಲ್ಲಿ ತಪ್ಪೇನೂ ಇಲ್ಲ.