ಅಮ್ಮ ಕಂಡ ನೀಲಿ

ಹೋದ ವಾರ ಅಮ್ಮನ ಎಡಗಣ್ಣಿನ ಪೊರೆ ತೆಗೆಸಿದೆವು. ಮರುದಿನ ಪಟ್ಟಿ ಬಿಚ್ಚಿಸಿ, ಕಪ್ಪು ಕನ್ನಡಕ ಹಾಕಿಸಿ, ರಿಕ್ಷಾದಲ್ಲಿ ಡೊಂಬಿವಲಿಯ ಮನೆಗೆ ಕರ್ಕೊಂಡು ಬಂದೆ. ಸೀದಾ ಅಡುಗೆಮನೆ ಕಿಟಕಿಗೆ ಹೋದರು. ಎದುರಿನ ಚಾಳಿನ ಮಾಡಿಗೆ ಮಳೆಗಾಲಕ್ಕೆ ಹೊದೆಸಿದ ತಾಡಪತ್ರಿ ಇದೆ. ಕನ್ನಡಕ ಸ್ವಲ್ಪ ಕೆಳಗಿಳಿಸಿ ನೋಡಿದರು. "ಮಾರಾಯ್ತಿ, ಅದು ಹೊಸತು ಹಾಕಿದರಾ? ಇಷ್ಟು ನೀಲಿ ಉಂಟಲ್ಲ!"

ಹೊಸತಲ್ಲ. ಹೋದ ವರ್ಷದ್ದೇ, ಮೂರು ಕಡೆ ತೇಪೆ ಹಾಕಿದ್ದು. ಪೊರೆ ಬಂದ ಕಣ್ಣಿನ ಮಸೂರ ನಿಧಾನಕ್ಕೆ ಹಳದಿಯಾಗುತ್ತದೆ. ನೀಲಿ ಬೆಳಕು ಒಳಗೆ ಹೋಗುವುದೇ ಕಡಿಮೆಯಾಗುತ್ತದೆ. ವರ್ಷಗಟ್ಟಲೆ ನಡೆಯುವ ಬದಲಾವಣೆ ಅದು, ಕಳೆದುಕೊಂಡದ್ದು ಗೊತ್ತೇ ಆಗುವುದಿಲ್ಲ. ಅಮ್ಮ ಒಂದೊಂದೇ ಕಣ್ಣು ಮುಚ್ಚಿ ನೋಡಿದರು. ಬಲಗಣ್ಣಿಗೆ ಬೂದಿ, ಎಡಗಣ್ಣಿಗೆ ನೀಲಿ. ಮತ್ತೆ ಬಲ, ಮತ್ತೆ ಎಡ. ಹತ್ತು ನಿಮಿಷ ಹಾಗೇ ನಿಂತಿದ್ದರು. ನಾನು ಒಲೆ ಮೇಲಿಟ್ಟ ಹಾಲು ಮರೆತು ಅವರನ್ನೇ ನೋಡುತ್ತಿದ್ದೆ.

ಅದಕ್ಕೂ ಎರಡು ಭಾನುವಾರ ಮೊದಲು ಮಾಟುಂಗಾದಲ್ಲಿ ನಮ್ಮ ಕನ್ನಡದವರ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆ. ವಿಜ್ಞಾನ ಮತ್ತು ಮನುಷ್ಯನ ನಾಳೆ ಅನ್ನುವ ವಿಷಯ. ಜೀನ್ ತಿದ್ದುವುದು, ಮೆದುಳಿಗೆ ಚಿಪ್ ಕೂರಿಸುವುದು, ಆಯುಸ್ಸು ಹೆಚ್ಚಿಸುವುದು, ಎಲ್ಲ ಮಾತಿಗೆ ಬಂತು. ಕೊನೆಗೆ ಹಿರಿಯರೊಬ್ಬರು ಎದ್ದು ನಿಂತು ಕೇಳಿದರು: "ದೇವರು ಕೊಟ್ಟ ಶರೀರ ಸಾಲದೇ? ಮನುಷ್ಯನಿಗೆ ಒಂದು ಮಿತಿ ಬೇಡವೇ?" ಚಪ್ಪಾಳೆ ಬಿತ್ತು. ಅವರ ಮೇಲೆ ನನಗೆ ಗೌರವವಿದೆ, ನನಗೆ ಕನ್ನಡ ಅಕ್ಷರ ತಿದ್ದಿಸಿದವರು ಅವರು. ಅಂದು ಸುಮ್ನೆ ಕೂತೆ. ಇವತ್ತು ಉತ್ತರ ಹೇಳುತ್ತೇನೆ. ಸಾಲದು, ಸರ್.

ವಿಜ್ಞಾನದ ನೆರವಿನಿಂದ ಮನುಷ್ಯ ತನ್ನ ದೇಹದ, ಬುದ್ಧಿಯ ಮಿತಿಗಳನ್ನು ದಾಟಬಹುದು, ದಾಟಬೇಕು ಅನ್ನುವ ವಿಚಾರಕ್ಕೆ ಟ್ರಾನ್ಸ್‌ಹ್ಯೂಮನಿಸಂ ಅನ್ನುತ್ತಾರೆ. 1957ರಲ್ಲಿ ಜೂಲಿಯನ್ ಹಕ್ಸ್‌ಲಿ ಎಂಬ ಜೀವವಿಜ್ಞಾನಿ ಇದೇ ಹೆಸರಿನಲ್ಲಿ ಪ್ರಬಂಧ ಬರೆದರು. ಕೇಳಲು ದೊಡ್ಡ ಹೆಸರು, ಎಲ್ಲೋ ದೂರದ ಸಂಗತಿ ಅನಿಸುತ್ತದೆ. ಆದರೆ ಅಮ್ಮನ ಕಣ್ಣೊಳಗೆ ಈಗ ಕೂತಿರುವುದು ಏನು? ಕಾರ್ಖಾನೆಯಲ್ಲಿ ಮಾಡಿದ ಒಂದು ಮಸೂರ. ಹುಟ್ಟುವಾಗ ಬಂದದ್ದು ಮಂಜಾಯಿತು, ಮನುಷ್ಯ ಮಾಡಿದ್ದನ್ನು ಕೂರಿಸಿದರು.

ಅದರ ಕಥೆ ಕೇಳಿ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಗಾಜು ಒಡೆದು ಪೈಲಟ್‌ಗಳ ಕಣ್ಣಿಗೆ ಚೂರು ಹೊಕ್ಕುತ್ತಿತ್ತು. ಅದು ನಿಜವಾದ ಗಾಜಲ್ಲ, ಅಕ್ರಿಲಿಕ್. ಆ ಚೂರುಗಳಿಂದ ಕಣ್ಣು ಕೆರಳುವುದಿಲ್ಲ ಅನ್ನುವುದನ್ನು ಲಂಡನ್ನಿನ ಕಣ್ಣಿನ ಡಾಕ್ಟರ್ ಹೆರಾಲ್ಡ್ ರಿಡ್ಲಿ ಗಮನಿಸಿದರು. ಹಾಗಾದರೆ ಇದರಲ್ಲೇ ಮಸೂರ ಮಾಡಿದರೆ? 1949ರ ನವೆಂಬರ್ 29ರಂದು ಮೊದಲ ಸಲ ಮಾಡಿಯೇ ಬಿಟ್ಟರು. ಹೊರಗಿನ ವಸ್ತು ಕಣ್ಣೊಳಗೆ ಇಡುವುದೇ ತಪ್ಪು ಅಂತ ಎಷ್ಟೋ ಡಾಕ್ಟರುಗಳು ವರ್ಷಗಟ್ಟಲೆ ವಿರೋಧಿಸಿದರು. ಮುಪ್ಪಿನಲ್ಲಿ ರಿಡ್ಲಿಯವರಿಗೂ ಪೊರೆ ಬಂತು. ಅವರ ಕಣ್ಣಿಗೂ ಮಸೂರವನ್ನೇ ಕೂರಿಸಿದರು.

ನನ್ನನ್ನು ಕಾಡುವುದು ಇದರ ಇನ್ನೊಂದು ಮಗ್ಗುಲು. ಮುಲ್ಕಿಯಲ್ಲಿ ನಮ್ಮ ಅಜ್ಜಿ ಕೊನೆಯ ಆರು ವರ್ಷ ಜಗಲಿಯ ಕಂಬಕ್ಕೆ ಒರಗಿಯೇ ಕಳೆದರು. ರಜೆಗೆ ಹೋದಾಗ ನಮ್ಮ ಮುಖ ಮುಟ್ಟಿ, ಮೂಗು ಸವರಿ, ಇದು ದೊಡ್ಡವಳು, ಇದು ಸಣ್ಣವಳು ಅಂತ ಗುರುತು ಹಿಡಿಯುತ್ತಿದ್ದರು. "ಪ್ರಾಯ ಆಯ್ತಲ್ಲ, ಇನ್ನೇನು" ಅನ್ನುತ್ತಿದ್ದರು. 1988ರಲ್ಲಿ ಹೋಗಿಬಿಟ್ಟರು. ಆ ಹೊತ್ತಿಗೆ ಮಸೂರ ಹುಟ್ಟಿ 39 ವರ್ಷವಾಗಿತ್ತು. ಅಜ್ಜಿಯ ಜಗಲಿಗೆ ಬಂದಿರಲಿಲ್ಲ ಅಷ್ಟೇ.

1992ರಲ್ಲಿ ಮದುರೈನ ಅರವಿಂದ್ ಕಣ್ಣಾಸ್ಪತ್ರೆಯವರು ಅರೋಲ್ಯಾಬ್ ಅನ್ನುವ ತಯಾರಿಕಾ ಘಟಕ ಶುರು ಮಾಡಿ ಮಸೂರವನ್ನು ಇಲ್ಲೇ ತಯಾರಿಸತೊಡಗಿದರು. ಹೊರದೇಶದಿಂದ ತರಿಸಿದರೆ ನೂರು ಡಾಲರ್ ಆಸುಪಾಸು ಬೀಳುತ್ತಿದ್ದುದು ಹತ್ತು ಡಾಲರಿಗೆ ಬಂತು. ರಿಡ್ಲಿಗೆ ಎಷ್ಟು ಕೈ ಮುಗಿಯುತ್ತೇನೋ ಇವರಿಗೂ ಅಷ್ಟೇ ಮುಗಿಯುತ್ತೇನೆ. ಕಂಡುಹಿಡಿದರೆ ಅರ್ಧ ಕೆಲಸ. ಬೆಲೆ ಇಳಿಸಿ, ಬಡವರ ಜಗಲಿವರೆಗೆ ತಲುಪಿಸುವುದು ಉಳಿದ ಅರ್ಧ.

ಹಿರಿಯರ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಇದೇ ಹಕ್ಸ್‌ಲಿ ಬ್ರಿಟನ್ನಿನ ಯುಜೆನಿಕ್ಸ್ ಸೊಸೈಟಿಯ ಅಧ್ಯಕ್ಷರೂ ಆಗಿದ್ದರು. ಯಾರು ಮಕ್ಕಳನ್ನು ಹೆರಬೇಕು, ಯಾರು ಹೆರಬಾರದು ಅಂತ ತೀರ್ಮಾನಿಸಲು ಹೊರಟ ವಿಚಾರ ಅದು. ಅದರ ಹೆಸರಿನಲ್ಲಿ ಎಷ್ಟೋ ದೇಶಗಳಲ್ಲಿ ಬಡವರಿಗೆ, ಕಾಯಿಲೆಯವರಿಗೆ ಬಲವಂತವಾಗಿ ಸಂತಾನಹರಣ ಮಾಡಿದರು. ಹಾಗಾಗಿ ನನ್ನ ನಂಬಿಕೆಗೆ ಒಂದು ಷರತ್ತು ಇದೆ. ಯಾರ ದೇಹವೋ ಅವರದ್ದೇ ಮಾತು ನಡೆಯಬೇಕು. ನಮ್ಮ ಅಮ್ಮ ಎರಡು ವರ್ಷ ಬೇಡ ಅಂದರು. ನಾವು ಕಾದೆವು. ಸೂಜಿಗೆ ದಾರ ಪೋಣಿಸಲು ಆಗದ ದಿನ ಅವರೇ ಬಂದು "ಡಾಕ್ಟರ ಹತ್ರ ಹೋಗುವ" ಅಂದರು.

ವಿಜ್ಞಾನದ ನೆರವಿನಿಂದ ಮಿತಿ ದಾಟುವುದು ನಮ್ಮ ಮುಂಬಯಿಗೇನೂ ಹೊಸ ವಿಷಯ ಅಲ್ಲ. 1896ರ ಪ್ಲೇಗಿನಲ್ಲಿ ಊರು ಖಾಲಿಯಾಗುತ್ತಿದ್ದಾಗ ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ ಬೈಕಲಾದ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಕೂತು ಕೆಲವೇ ತಿಂಗಳಲ್ಲಿ ಲಸಿಕೆ ಮಾಡಿದರು. 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ನಮ್ಮ ಅಪ್ಪ ಹಗಲಿಡೀ ಫೋರ್ಟಿನ ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಬಲ್ಬಿನ ಬೆಳಕಿನಲ್ಲಿ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಮೆಟ್ರಿಕ್ ಪಾಸು ಮಾಡಿದವರು. ಕತ್ತಲಾದರೆ ಓದು ಮುಗಿಯಿತು ಅನ್ನುವುದೂ ಒಂದು ಮಿತಿಯೇ ಆಗಿತ್ತು ಅಲ್ವಾ?

ಈಗ ರಕ್ತದ ಕ್ಯಾನ್ಸರಿಗೆ ಕಾರ್-ಟಿ ಚಿಕಿತ್ಸೆ ಬಂದಿದೆ. ರೋಗಿಯ ರಕ್ತದ ಟಿ ಕೋಶಗಳನ್ನೇ ತೆಗೆದು, ಜೀನ್ ಬದಲಿಸಿ, ಕ್ಯಾನ್ಸರ್ ಕೋಶವನ್ನು ಗುರುತು ಹಿಡಿಯುವ ಹಾಗೆ ಮಾಡಿ ಮತ್ತೆ ಮೈಗೆ ಬಿಡುತ್ತಾರೆ. ಪೊವಾಯಿಯ ಐಐಟಿ ಮತ್ತು ಟಾಟಾ ಮೆಮೋರಿಯಲ್‌ನವರು ಸೇರಿ ಬೆಳೆಸಿದ ಈ ಚಿಕಿತ್ಸೆಯನ್ನು 2024ರ ಏಪ್ರಿಲ್ 4ರಂದು ರಾಷ್ಟ್ರಪತಿಯವರು ಬಿಡುಗಡೆ ಮಾಡಿದರು. ಹೊರದೇಶದ ಬೆಲೆಯ ಸುಮಾರು ಹತ್ತರಲ್ಲಿ ಒಂದು ಪಾಲು. ಆದರೂ ಇನ್ನೂ ಲಕ್ಷಗಳ ಲೆಕ್ಕವೇ. ಮಸೂರದ ಹಾಗೆ ಇದೂ ಇಳಿಯಬೇಕು. ಅಜ್ಜಿಗೆ ಆದ ಹಾಗೆ 39 ವರ್ಷ ತಡವಾಗಬಾರದು. ನಮ್ಮ ಸಂಘಗಳಲ್ಲಿ ಚರ್ಚೆ ಆಗುವುದಾದರೆ ಇದರ ಬಗ್ಗೆ ಆಗಲಿ ಅಂತ ನನ್ನ ಆಸೆ.

ಅಮ್ಮನ ಬಲಗಣ್ಣಿಗೆ ಮುಂದಿನ ತಿಂಗಳು ದಿನ ಕೊಟ್ಟಿದ್ದಾರೆ. ನಿಮ್ಮ ಮನೆಯಲ್ಲಿ ಯಾರಾದರೂ ಹೆದರಿ ಮುಂದೂಡುತ್ತಾ ಇದ್ದರೆ ನನಗೆ ಮೆಸೇಜ್ ಮಾಡಿ. ಅಮ್ಮನೇ ಫೋನಿನಲ್ಲಿ ಮಾತಾಡುತ್ತಾರಂತೆ. ಕನ್ನಡ, ತುಳು, ಮರಾಠಿ, ಮೂರೂ ಆಗುತ್ತದೆ. ಮಧ್ಯಾಹ್ನ ಮೂರರ ಮೇಲೆ ಮಾಡಿ, ಅದಕ್ಕೂ ಮೊದಲು ಕಿಟಕಿ ಹತ್ತಿರ ಇರುತ್ತಾರೆ.