ಎರಡೂ ಕಾಲು

ಮಗಳಿಗೆ ಆರು ತುಂಬಿತು. ಗಡಿಯಾರ ನೋಡೋದು ಕಲಿಸಿಬಿಡೋಣ ಅಂತ ಒಂದು ಭಾನುವಾರ ಬೆಳಗ್ಗೆ ಕೂತೆ.

“ಪುಟ್ಟಿ, ಗಂಟೆ ಎಷ್ಟು?”

“ಒಂದೇ. ದೇವರ ಮನೇಲಿದೆ.”

ಈ ಗಂಟೆ ಬೇರೆ ಕಣೇ ಅಂತ ಗೋಡೆ ಗಡಿಯಾರ ಕೆಳಗಿಳಿಸಿದೆ. “ನೋಡು, ಚಿಕ್ಕ ಮುಳ್ಳು ಗಂಟೆ ತೋರಿಸುತ್ತೆ, ದೊಡ್ಡ ಮುಳ್ಳು ನಿಮಿಷ.” ಮುಳ್ಳು ಅಂದಿದ್ದೇ ತಡ, ಕೈ ಹಿಂದಕ್ಕೆ ಎಳೆದುಕೊಂಡಳು. ಹಿಂದಿನ ವಾರವಷ್ಟೇ ಅವಳ ಅಂಗಾಲಿನಿಂದ ಒಂದನ್ನು ಪಿನ್ನು ಹಾಕಿ ತೆಗೆದಿದ್ದೆವು.

ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ನಮ್ಮ ಗಡಿಯಾರದ ತುಂಬ ಎರಡೆರಡು ಅರ್ಥದ ಮಾತೇ! ದಿನಾ “ಏಳು ಗಂಟೆ ಆಯ್ತು, ಏಳು” ಅಂತಲೇ ಎಬ್ಬಿಸುತ್ತೇನೆ. ಸ್ಕೂಲ್ ಆಟೋ ಬಂದರೆ “ಹತ್ತು, ಹತ್ತು!” ಅಂತ ಕೂಗುತ್ತೇನೆ. ನಾನು ಒಳಗಿರೋ ಮಕ್ಕಳನ್ನು ಎಣಿಸ್ತಿದ್ದೀನಿ ಅಂದುಕೊಂಡಿದ್ದಳಂತೆ. “ಎಂಟೇ ಜನ ಅಪ್ಪ ಇರೋದು” ಅಂತ ಈಗ ತಿದ್ದಿದಳು.

ನಿಜವಾದ ಕಷ್ಟ ಶುರುವಾಗಿದ್ದು ಕಾಲಿನಿಂದ. ಚಪಾತಿಯನ್ನು ನಾಲ್ಕು ಪಾಲು ಮಾಡಿ, ಒಂದು ಪಾಲು ಕಾಲು, ಎರಡು ಪಾಲು ಅರೆ, ಮೂರು ಪಾಲು ಮುಕ್ಕಾಲು ಅಂದೆ. (ಹಳೇ ಲೆಕ್ಕದಲ್ಲಿ 16ರಲ್ಲಿ ಒಂದು ಪಾಲಿಗೆ ವೀಸ ಅಂತಿದ್ದರು. ಅದನ್ನು ಹೇಳಲಿಲ್ಲ. ಪಾಸ್‌ಪೋರ್ಟ್ ಕೇಳಿದ್ದರೆ?)

“ಎರಡು ಗಂಟೆ ಮೇಲೆ ಕಾಲು ಗಂಟೆ ಆದ್ರೆ ಎರಡೂ ಕಾಲು.”

“ನಂಗೂ ಇದೆ ಎರಡೂ ಕಾಲು.”

“ಮೂರೂ ಕಾಲು?”

“ಅಡುಗೆಮನೆ ಸ್ಟೂಲಿಗೆ.”

“ಒಂದೂ ಕಾಲು?”

ಸ್ವಲ್ಪ ಯೋಚಿಸಿದಳು. “ಹಾವಿಗೆ!”

ನಾನು ಚಪಾತಿ ತಿಂದು ಸ್ನಾನಕ್ಕೆ ಹೋದೆ. ಹೊರಗೆ ಬಂದರೆ ಮಗಳು ಫೋನ್ ಹಿಡಿದು ನಿಂತಿದ್ದಳು.

“ದೊಡ್ಡಪ್ಪ ಮಾಡಿದ್ರು. ಬಸ್ಸಲ್ಲಿದ್ದಾರಂತೆ. ಎರಡೂ ಕಾಲು ಅಂದ್ರು. ಆಮೇಲೆ ಕಟ್ ಆಗೋಯ್ತು.”

ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ಹೊರಗೆ ಓಡಿಬಂದಳು. ಅಣ್ಣನಿಗೆ ಫೋನ್ ಹಚ್ಚಿದರೆ ಸ್ವಿಚ್ ಆಫ್. ಅತ್ತಿಗೆಗೆ ಹೇಳೋದು ಹೇಗೆ ಅಂತ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅವಳು ಮನೆದೇವರಿಗೆ ಹರಕೆ ಹೊತ್ತಳು. ನಾನು ಊರಿನವರಿಗೆಲ್ಲ ಫೋನ್ ಮಾಡಿ, ಏನೂ ಗೊತ್ತಿಲ್ಲದೆ ನೆಮ್ಮದಿಯಾಗಿದ್ದವರನ್ನೂ ಹೆದರಿಸಿದೆ. ಊಟ ಯಾರಿಗೂ ಸೇರಲಿಲ್ಲ. ಪುಟ್ಟಿ ಮಾತ್ರ ಚೆನ್ನಾಗಿ ಉಂಡಳು.

ಆಮೇಲೆ ಗೇಟು ಸದ್ದಾಯಿತು. ಹೆಗಲ ಮೇಲೆ ಹಲಸಿನಹಣ್ಣು ಹೊತ್ತು, ಬೆವರಿಳಿಸಿಕೊಂಡು ಅಣ್ಣ ನಿಂತಿದ್ದ. “ಫೋನ್ ಚಾರ್ಜೂ ಮುಗಿದಿತ್ತು. ಬಸ್‌ಸ್ಟ್ಯಾಂಡಿಗೆ ಸ್ಕೂಟರ್ ತರೋದಕ್ಕೇನೋ ನಿಂಗೆ?”

ಹೆಂಡತಿ ಬಗ್ಗಿ ಅವನ ಪಂಚೆಯ ಕೆಳಗೆ ಕಾಲೆರಡೂ ಇವೆಯಾ ಅಂತ ನೋಡಿದಳು. ನಮಸ್ಕಾರ ಮಾಡ್ತಿದ್ದಾಳೆ ಅಂದುಕೊಂಡು ಅಣ್ಣ, “ಒಳ್ಳೇದಾಗ್ಲಮ್ಮ” ಅಂತ ತಲೆ ಮೇಲೆ ಕೈಯಿಟ್ಟ.

ಪುಟ್ಟಿ ಗಡಿಯಾರವನ್ನೇ ದಿಟ್ಟಿಸುತ್ತಿದ್ದಳು.

“ಎರಡೂ ಕಾಲಲ್ಲ ಅಪ್ಪ, ಎರಡೂವರೆ. ದೊಡ್ಡಪ್ಪ ಲೇಟು.”