ಭದ್ರಾವತಿ ಕೇಳಿಸುತ್ತಿತ್ತು

2017ರ ಸೆಪ್ಟೆಂಬರ್‌ನಲ್ಲಿ ಓಸ್ಲೊದ ನಮ್ಮ ಅಡುಗೆಮನೆಯ ರೇಡಿಯೊ ಒಂದು ದಿನ ಬರಿಯ ಗೊರಗೊರ ಸದ್ದು ಮಾಡತೊಡಗಿತು. ರೇಡಿಯೊ ಕೆಟ್ಟಿರಲಿಲ್ಲ, ನಮ್ಮ ಭಾಗದಲ್ಲಿ ರಾಷ್ಟ್ರೀಯ ವಾಹಿನಿಗಳ ಎಫ್‌ಎಂ ಪ್ರಸಾರವೇ ನಿಂತಿತ್ತು. ಆ ಜನವರಿಯಲ್ಲಿ ಉತ್ತರದಿಂದ ಆರಂಭಿಸಿ ಡಿಸೆಂಬರ್ ಹೊತ್ತಿಗೆ ನಾರ್ವೆ ಇಡೀ ದೇಶದಲ್ಲಿ ಅದನ್ನು ನಿಲ್ಲಿಸಿತು. ಹಾಗೆ ಮಾಡಿದ ಮೊದಲ ದೇಶ ಅದು. ಎಫ್‌ಎಂ ಜಾಗಕ್ಕೆ ಡಿಎಬಿ ಎಂಬ ಡಿಜಿಟಲ್ ರೇಡಿಯೊ ಬಂತು, ಅದೂ ಇಂಟರ್ನೆಟ್ ಬೇಡದೆ ಗೋಪುರದಿಂದಲೇ ಪ್ರಸಾರವಾಗುವಂಥದ್ದು. ಲಕ್ಷಗಟ್ಟಲೆ ಕಾರುಗಳ ಹಳೆಯ ರೇಡಿಯೊಗಳು ಕೆಲಸಕ್ಕೆ ಬಾರದಾದವು. ಪಕ್ಕದ ಮನೆಯ ಅಜ್ಜಿ ಮೂವತ್ತು ವರ್ಷ ಜೊತೆಗಿದ್ದ ಸೆಟ್ಟನ್ನು ಎಲೆಕ್ಟ್ರಾನಿಕ್ ಕಸಕ್ಕೆ ಹಾಕಿ ಬಂದು ಸಪ್ಪಗೆ ಕುಳಿತಿದ್ದರು. ನನಗೆ ಸಿಟ್ಟು ಬಂದಿತ್ತು.

ಈಗ ಆ ಸಿಟ್ಟು ಉಳಿದಿಲ್ಲ. ನಾರ್ವೆ ಬಿಟ್ಟದ್ದು ಎಫ್‌ಎಂ ಅನ್ನು, ಪ್ರಸಾರವನ್ನಲ್ಲ. ಅದಕ್ಕೂ 2011ರಲ್ಲೇ ಷರತ್ತುಗಳನ್ನು ಹಾಕಿತ್ತು: ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆಯ ಡಿಜಿಟಲ್ ಪ್ರಸಾರ ಹಳೆಯ ಎಫ್‌ಎಂನಷ್ಟೇ ದೂರ ತಲುಪಬೇಕು, ಕೇಳುಗರಲ್ಲಿ ಅರ್ಧದಷ್ಟಾದರೂ ಜನ ಆಗಲೇ ಡಿಜಿಟಲ್‌ಗೆ ಬಂದಿರಬೇಕು. ಇಂಟರ್ನೆಟ್ ಇಲ್ಲದ ಮನೆಯೇ ಅಪರೂಪವಾದ ಈ ದೇಶದಲ್ಲಿ, ಆಪತ್ಕಾಲಕ್ಕೆಂದು ಬ್ಯಾಟರಿಯ ರೇಡಿಯೊ ಇಟ್ಟುಕೊಳ್ಳಿ ಎಂದು ಸರ್ಕಾರವೇ ಹೇಳುತ್ತದೆ.

ಊರಿಗೆ ಹೋದಾಗ ಕೇಳುವ ಮಾತೇ ಬೇರೆ. "ಆಕಾಶವಾಣಿ ಆ್ಯಪ್‌ನಲ್ಲೇ ಬರುತ್ತದಲ್ಲ, ಇನ್ನು ರೇಡಿಯೊ ಯಾಕೆ?" ಆ್ಯಪ್ ನನ್ನ ಪಾಲಿಗೆ ದೊಡ್ಡ ಉಪಕಾರವೇ, ಹಿಮ ಸುರಿಯುವ ಬೆಳಗಿನಲ್ಲಿ ಕನ್ನಡ ವಾರ್ತೆ ಕೇಳುವುದು ಅದರಿಂದಲೇ. ಆದರೆ ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ಆಷಾಢದ ಮಳೆಗೆ ಮೊದಲು ಕರೆಂಟು ಹೋಗುತ್ತದೆ, ಮರುದಿನ ಟವರ್‌ನ ಬ್ಯಾಟರಿ ಬರಿದಾಗಿ ಮೊಬೈಲೂ ಸತ್ತುಹೋಗುತ್ತದೆ. ಆಮೇಲೆ ಅಪ್ಪಯ್ಯನಿಗೆ ಉಳಿಯುವುದು ಎರಡು ಸೆಲ್ಲಿನ ರೇಡಿಯೊ ಮತ್ತು ಭದ್ರಾವತಿ ಆಕಾಶವಾಣಿ. ಮಳೆ ಇನ್ನೆಷ್ಟು ದಿನ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಷ್ಟು ಹೊಳವಾದೀತೇ ಎಂದು ಅದನ್ನೇ ಕಿವಿಗೆ ಹಚ್ಚಿಕೊಂಡು ಕಾಯುತ್ತಾರೆ. ಒಂದು ಮಳೆಗಾಲದಲ್ಲಿ ನಾಲ್ಕು ದಿನ ಫೋನ್ ಸಿಗದೆ ನಾನು ಕಂಗಾಲಾಗಿದ್ದೆ. ಕೊನೆಗೆ ಸಿಕ್ಕಾಗ ಅವರು ಹೇಳಿದ್ದು ಇಷ್ಟೇ: "ಭದ್ರಾವತಿ ಕೇಳಿಸುತ್ತಿತ್ತು ಮಾರಾಯ, ಹೆದರಿಕೆ ಆಗಲಿಲ್ಲ."

ಪ್ರಸಾರ ಗೋಪುರದಿಂದ ಹೊರಟ ಅಲೆಯನ್ನು ಹತ್ತು ಜನ ಕೇಳಿದರೂ ಒಂದೇ, ಹತ್ತು ಲಕ್ಷ ಜನ ಕೇಳಿದರೂ ಒಂದೇ. ಆ್ಯಪ್ ಹಾಗಲ್ಲ, ಅದು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಡೇಟಾ ಹರಿಸಬೇಕು, ಹರಿಯುವ ದಾರಿ ಬದುಕಿರಬೇಕು. ನಮ್ಮಲ್ಲಿ ಯಾವುದೇ ಕೇಂದ್ರದ ಟ್ರಾನ್ಸ್‌ಮಿಟರ್ ನಿಲ್ಲಿಸುವ ಯೋಚನೆ ಬಂದರೆ ನಾರ್ವೆಯಂತೆ ಮೊದಲು ಷರತ್ತು ಬರೆಯಲಿ, ಮತ್ತು ಆ ಷರತ್ತು ಈಡೇರಿದೆಯೇ ಎಂಬುದನ್ನು ಬೆಂಗಳೂರಿನಲ್ಲಿ ಕುಳಿತಲ್ಲ, ಜುಲೈ ತಿಂಗಳಲ್ಲಿ ಒಂದು ವಾರ ಮಲೆನಾಡಿನಲ್ಲಿ ಇದ್ದು ನೋಡಲಿ.